ಬೆಕ್ಕಿನ ಹೆಸರು ಅಚ್ಚಾಗಿತ್ತು, ಅಜ್ಜನದಲ್ಲ

ಮಸ್ಕತ್ ವಿಮಾನ ನಿಲ್ದಾಣ

ಯಾಕೆ ಬಂದಿರಿ ಎಂದು ಗಾಜಿನ ಹಿಂದಿದ್ದ ಅಧಿಕಾರಿ ಕೇಳಿದಾಗ ‘ಪ್ರವಾಸ’ ಎಂದಿದ್ದರೆ ಎರಡು ನಿಮಿಷದಲ್ಲಿ ಮುಗಿದು ಹೋಗುತ್ತಿತ್ತು. ನಾನು ಮೂವತ್ತನಾಲ್ಕು ವರ್ಷ ಪತ್ರಿಕೆಯೊಂದರಲ್ಲಿ ಉಪಸಂಪಾದಕನಾಗಿದ್ದವನು. ನಿವೃತ್ತಿಯಾದ ಮೇಲೆ ಸತ್ಯ ಹೇಳುವ ಚಟ ಹತ್ತಿದೆ. ‘ಅಜ್ಜನನ್ನು ಹುಡುಕಲು’ ಎಂದುಬಿಟ್ಟೆ.

“ಅವರಿಗೆ ಎಲ್ಲಿ ಕೆಲಸ?”

“ಹಡಗಿನಲ್ಲಿ. ಅಡುಗೆಯವರು.”

“ಒಮಾನಿಗೆ ಬಂದದ್ದು ಯಾವಾಗ?”

“ಎಂಬತ್ತು ವರ್ಷದ ಮೇಲಾಯಿತು.”

ತರುಣ ಅಧಿಕಾರಿ ಆಗ ಮೊದಲ ಸಲ ತಲೆ ಎತ್ತಿ ನನ್ನನ್ನು ನೋಡಿದ. ವೀಸಾ ಮುಗಿದರೂ ಊರಿಗೆ ಹೋಗದವರನ್ನು ಅವನು ಬೇಕಾದಷ್ಟು ನೋಡಿರಬೇಕು, ಆದರೆ ಇಷ್ಟು ಹಠಮಾರಿಯನ್ನು ನೋಡಿರಲಿಲ್ಲ. ಅವನಿಗೆ ಸಹಾಯವಾಗಲಿ ಎಂದು ನಾನು ಇನ್ನೂ ಸ್ವಲ್ಪ ವಿವರಿಸಿದೆ. ವಿವರಿಸುವಾಗ ಜರ್ಮನ್ ಸಬ್‌ಮೆರೀನ್ ಎಂಬ ಮಾತು ಬಂತು. ವಿಮಾನ ನಿಲ್ದಾಣದಲ್ಲಿ ಉಚ್ಚರಿಸಬಾರದ ಶಬ್ದಗಳಲ್ಲಿ ಅದೂ ಒಂದು ಎಂದು ನನಗೆ ಊರಿನಲ್ಲಿ ಯಾರೂ ಹೇಳಿರಲಿಲ್ಲ. ಅವನು ಹೋಗಿ ಮೇಲಧಿಕಾರಿಯನ್ನು ಕರೆತಂದ. ನಾನು ಚೀಲದಿಂದ ಪ್ಲಾಸ್ಟಿಕ್ ಹೊದಿಕೆಯ ಹಳೇ ಪತ್ರಿಕಾ ತುಣುಕು ತೆಗೆದು ಕೊಟ್ಟೆ. ಇಬ್ಬರೂ ಓದಿದರು. ಬೆಕ್ಕಿನ ಭಾಗ ಬಂದಾಗ ಇಬ್ಬರಿಗೂ ನಗು ಬಂತು. ಎಲ್ಲರೂ ಅಲ್ಲೇ ನಗುತ್ತಾರೆ. ಆಮೇಲೆ ಮೊಹರು ಬಿತ್ತು, ‘ವೆಲ್‌ಕಮ್ ಅಂಕಲ್’ ಎಂದರು.

ವಾದಿ ಕಬೀರ್

ನಾನು ಇಳಿದುಕೊಂಡದ್ದು ನನ್ನ ಹೆಂಡತಿಯ ತಮ್ಮ ಹರೀಶನ ಮನೆಯಲ್ಲಿ. ವಾದಿ ಕಬೀರಿನ ಗ್ಯಾರೇಜುಗಳ ನಡುವೆ ಅವನ ಫ್ಲ್ಯಾಟು. ವಾಹನಗಳ ಬಿಡಿಭಾಗ ಮಾರುವ ಕಂಪೆನಿಯ ಆಫೀಸಿನಲ್ಲಿ ಅವನಿಗೆ ಕೆಲಸ. ಕಾಪುವಿನಿಂದ ಬಂದು ಹದಿನೆಂಟು ವರ್ಷವಾದರೂ ಮನೆಯೊಳಗೆ ಹೊಕ್ಕರೆ ಅದು ಕಾಪುವೇ: ಕುಚ್ಚಲಕ್ಕಿ ಗಂಜಿ, ಬಂಗುಡೆ ಗಸಿ, ಟೀವಿಯಲ್ಲಿ ಯಕ್ಷಗಾನ. ಕಿಟಕಿ ತೆರೆದರೆ ಮಾತ್ರ ಮಲಯಾಳಿ ಮೆಕ್ಯಾನಿಕ್ ಪಾಕಿಸ್ತಾನಿ ಡ್ರೈವರಿಗೆ ಹಿಂದಿಯಲ್ಲಿ ಬೈಯುವುದು ಕೇಳುತ್ತದೆ. ದೇಶಗಳ ನಡುವೆ ಇಷ್ಟು ಸೌಹಾರ್ದ ನಾನು ಬೇರೆಲ್ಲೂ ಕಂಡಿಲ್ಲ.

ಊಟದ ಮೇಲೆ ಹರೀಶನಿಗೆ ತುಣುಕು ಓದಿ ಹೇಳಿದೆ. ಅದು ಎರಡನೇ ಮಹಾಯುದ್ಧದ ಕಾಲದ್ದು, ಮುಂಬಯಿಯ ಇಂಗ್ಲಿಷ್ ಪತ್ರಿಕೆಯದ್ದು. ಸಾರಾಂಶ ಇಷ್ಟು. ಅರಬ್ಬೀ ಸಮುದ್ರದಲ್ಲಿ ಒಂದು ಸರಕು ಹಡಗು ಹೋಗುತ್ತಿತ್ತು. ಯಾವ ಹಡಗು? ಹೇಳುವಂತಿಲ್ಲ. ಎಲ್ಲಿ? ಹೇಳುವಂತಿಲ್ಲ. ಯಾವಾಗ? ಇತ್ತೀಚೆಗೆ. ಶತ್ರುವಿಗೆ ಗೊತ್ತಾಗಬಾರದಂತೆ. ಮುಳುಗಿಸಿದವನೇ ಶತ್ರುವಲ್ಲವೇ, ಅವನಿಗೆ ಗೊತ್ತಿರಲಿಲ್ಲವೇ ಎಂದು ಕೇಳಬಾರದು. ಟಾರ್ಪೆಡೊ ಬಡಿಯಿತು, ಎಲ್ಲರೂ ಎರಡು ದೋಣಿಗಳಿಗೆ ಇಳಿದರು. ಆಗ ಸಬ್‌ಮೆರೀನ್ ನೀರಿನ ಮೇಲೆ ಬಂತು. ಅದರ ಕಪ್ತಾನ ಕೆಂಪು ಗಡ್ಡದವನು, ಚಡ್ಡಿ ಹಾಕಿದ್ದ, ಬಹಳ ಚೆನ್ನಾದ ಇಂಗ್ಲಿಷ್ ಮಾತಾಡಿದ. ಹಡಗಿನ ಹೆಸರೇನು, ಸರಕೇನು ಎಂದು ವಿಚಾರಿಸಿದ. ಮುಳುಗಿಸಬೇಕಾಗಿ ಬಂದದ್ದಕ್ಕೆ ವಿಷಾದ ಸೂಚಿಸಿದ. ಸಿಗರೇಟು ಕೊಟ್ಟ. ನೆಲ ಯಾವ ದಿಕ್ಕಿಗೆ ಎಂದು ಕೈ ತೋರಿಸಿದ. ನಮ್ಮ ಕಡೆ ಮದುವೆಮನೆಯಲ್ಲಿ ಊಟಕ್ಕೆ ಎಬ್ಬಿಸುವವರೂ ಇಷ್ಟು ಉಪಚಾರ ಮಾಡುವುದಿಲ್ಲ.

ಎಂಜಿನಿಯರ್ ಸಾಹೇಬರ ಕಟ್ಟುಹಲ್ಲು ಸಮುದ್ರಪಾಲಾದದ್ದಕ್ಕೆ ಆರು ಸಾಲು. ಕಪ್ತಾನರ ಬೆಕ್ಕು ಡಚೆಸ್ ಅವರ ಕೋಟಿನೊಳಗೆ ಕುಳಿತು ಬದುಕಿದ್ದಕ್ಕೆ ಒಂಬತ್ತು ಸಾಲು. ಕಪ್ತಾನರ ದೋಣಿಯನ್ನು ಬೇರೊಂದು ಹಡಗು ಎತ್ತಿಕೊಂಡಿತು, ಬಂದರಿನಲ್ಲಿ ವರದಿಗಾರರು ಕಾದಿದ್ದರು, ಬೆಕ್ಕಿಗೆ ಹಾಲು ಕೊಟ್ಟರು. ಕೊನೆಯಲ್ಲಿ ಮೂರೇ ಸಾಲು: ಖಲಾಸಿಗಳಿದ್ದ ಇನ್ನೊಂದು ದೋಣಿಯೂ ಅರೇಬಿಯದ ತೀರ ಸೇರಿದೆಯೆಂದು ತಿಳಿದುಬಂದಿದೆ, ಎಲ್ಲರೂ ಕ್ಷೇಮ, ದೇಶಿ ಖಲಾಸಿಗಳು ಒಳ್ಳೆಯ ನಡತೆ ತೋರಿದರು.

ಆ ಒಳ್ಳೆಯ ನಡತೆಯ ಖಲಾಸಿಗಳಲ್ಲಿ ಒಬ್ಬ ನನ್ನ ತಾಯಿಯ ತಂದೆ, ಅಣ್ಣಪ್ಪ. ಅಡುಗೆಯ ಭಂಡಾರಿ. ಮುಂಬಯಿಯಿಂದ ಹತ್ತುವಾಗ ಅವನು ಬರೆಸಿದ ಕಾಗದವೂ ನಮ್ಮಲ್ಲಿ ಉಂಟು. ಈ ಹಡಗಿನಲ್ಲಿ ನಮ್ಮವರೆಂದು ನಾನೊಬ್ಬನೇ, ಉಳಿದವರು ಮುಸಲ್ಮಾನರು ಮತ್ತು ಗೋವೆಯ ಕ್ರಿಸ್ತಾನರು, ಅಣ್ಣತಮ್ಮಂದಿರ ಹಾಗೆ ಇದ್ದಾರೆ ಎಂದು ಅದರಲ್ಲಿದೆ. ಆಮೇಲೆ ಅವನಿಂದ ಒಂದಕ್ಷರ ಬರಲಿಲ್ಲ. ಬಂದದ್ದು ಈ ತುಣುಕು. ಹಡಗಿಗೆ ಜನ ಸೇರಿಸುವವನೊಬ್ಬ ಊರಿಗೆ ಬರುವವರ ಕೈಯಲ್ಲಿ ಕಳಿಸಿದ್ದ, ‘ಇದೇ ಅವನ ಹಡಗು, ಎಲ್ಲ ಕ್ಷೇಮವಂತೆ’ ಎಂದು.

ಎಲ್ಲ ಕ್ಷೇಮ. ಹಾಗಾದರೆ ಮನುಷ್ಯ ಎಲ್ಲಿ? ಊರು ಒಂದು ವರ್ಷ ಕಾದು ತಾನೇ ತೀರ್ಪು ಕೊಟ್ಟಿತು: ಅರಬಸ್ತಾನದಲ್ಲಿ ಇನ್ನೊಂದು ಮಾಡಿಕೊಂಡಿದ್ದಾನೆ. ಪೇಪರಿನಲ್ಲೇ ಬಂದಿದೆಯಲ್ಲ ಬದುಕಿದ್ದಾನೆ ಅಂತ! ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಜನ. ಅಚ್ಚಾಗಿ ಬಂದ ಎತ್ತನ್ನು ಬಿಡುತ್ತಾರೆಯೇ? ಅಜ್ಜಿ ಸಾಯುವ ತನಕ ಕುಂಕುಮ ಇಟ್ಟಳು, ಆದರೆ ಶುಭಕಾರ್ಯಕ್ಕೆ ಅವಳನ್ನು ಕರೆಯುವುದೋ ಬಿಡುವುದೋ ಎಂಬ ಗೊಂದಲ ಊರಿಗೆ ಕೊನೆವರೆಗೂ ಇತ್ತು. ಗಿರಿಜ ದೊಡ್ಡಮ್ಮ, ಅಂದರೆ ನನ್ನ ಅಮ್ಮನ ಅಕ್ಕ, ಆಗ ಮೂರು ವರ್ಷದ ಮಗು. ಅಮ್ಮ ಇನ್ನೂ ಹೊಟ್ಟೆಯಲ್ಲಿದ್ದಳು. ‘ಅಪ್ಪ ಓಡಿಹೋದವನು’ ಎಂದು ದೊಡ್ಡಮ್ಮನಿಗೆ ಬಂದ ಎರಡು ಸಂಬಂಧ ತಪ್ಪಿತು. ಅವನಿಗೆ ತಿಥಿಯಿಲ್ಲ, ಶ್ರಾದ್ಧವಿಲ್ಲ. ಸತ್ತ ದಿನ ಗೊತ್ತಿದ್ದರಲ್ಲವೇ?

ಅಮ್ಮ ತೀರಿಕೊಂಡಳು. ದೊಡ್ಡಮ್ಮನಿಗೆ ಎಂಬತ್ತು ದಾಟಿದೆ, ಎದೆಯ ತೊಂದರೆ ಇದೆ. ನಾನು ಒಮಾನಿಗೆ ಹೋಗುತ್ತೇನೆ ಎಂದಾಗ ಹಾಸಿಗೆಯಿಂದ ಎದ್ದು ಕುಳಿತರು.

“ಸತ್ತಿದ್ರೆ ಸತ್ತ ಅಂತ ಹೇಳು ಮಗಾ. ಬದುಕಿದ್ದ ಅಂತಾದ್ರೆ ಎಷ್ಟು ಮಕ್ಕಳು ಅಂತ ಕೇಳ್ಕೊಂಡು ಬಾ. ಸುಮ್ನೆ ಖರ್ಜೂರ ತಿಂದು ಬರ್ಬೇಡ. ನಂಗೆ ಇನ್ನು ಹೆಚ್ಚು ದಿನ ಇಲ್ಲ, ಅದೊಂದು ಗೊತ್ತಾಗಿ ಹೋಗ್ಬೇಕು.”

ಹರೀಶ ಎಲ್ಲ ಕೇಳಿ ಬಾಳೆಹಣ್ಣು ಸುಲಿದ. “ಭಾವ, ಇಲ್ಲಿ ಒಂದು ಸಿಮ್ ಕಾರ್ಡ್ ತೆಗೀಬೇಕಾದ್ರೂ ಕಾಗದ ಬೇಕು. ನಿಮ್ಮ ಅಜ್ಜನಿಗೆ ಇಲ್ಲಿನ ಗುರುತಿನ ಕಾರ್ಡಿಲ್ಲ, ಜಾಮೀನು ನಿಲ್ಲುವ ಕಫೀಲ್ ಇಲ್ಲ, ಪಾಸ್‌ಪೋರ್ಟ್ ಉಂಟೋ ಇಲ್ವೋ ಗೊತ್ತಿಲ್ಲ. ಎಂತ ಅಂತ ಹುಡುಕುದು ಮಾರಾಯ್ರೆ?”

ಅವನ ಮಗಳು ಏಳನೇ ಕ್ಲಾಸು. ಮೂಲೆಯಲ್ಲಿ ಹೋಮ್‌ವರ್ಕ್ ಮಾಡುತ್ತ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. “ಬಟ್ ಮಾಮಾ, ವಾಟ್ ಹ್ಯಾಪನ್ಡ್ ಟು ದ ಕ್ಯಾಟ್?” ಎಂದಳು.

ಅಲ್ ಖುವೈರ್

ಸಚಿವಾಲಯಗಳಿರುವ ಅಲ್ ಖುವೈರಿಗೆ ಹೋಗುವುದೆಂದು ತೀರ್ಮಾನವಾಯಿತು. ನಮ್ಮಲ್ಲಿ ಸತ್ತವರ ವಿಚಾರಕ್ಕೆ ತಾಲೂಕು ಕಚೇರಿಗೆ ಹೋಗುತ್ತೇವೆ, ಇಲ್ಲಿಯೂ ಹಾಗೆಯೇ ಇರಬೇಕು ಎಂಬ ನನ್ನ ನಂಬಿಕೆ. ಕರೆದೊಯ್ದವನು ಸಯೀದ್. ಹರೀಶನ ಕಂಪೆನಿಯ ಸರಕಾರಿ ಕಾಗದಪತ್ರದ ಕೆಲಸ ನೋಡಿಕೊಳ್ಳುವ ಒಮಾನಿ, ನಲವತ್ತರ ಆಸುಪಾಸು. ಬಿಳಿ ನಿಲುವಂಗಿ, ಕಸೂತಿ ಟೊಪ್ಪಿ, ಬಾಯಿ ತೆರೆದರೆ ನಿರರ್ಗಳ ಹಿಂದಿ. ನನ್ನ ಹಿಂದಿ ದಕ್ಷಿಣ ಕನ್ನಡದ ಹೈಸ್ಕೂಲಿನದ್ದು, ಲಿಂಗ ಬದಲಾಗುತ್ತಲೇ ಇರುತ್ತದೆ. ಹಿಂದೂಸ್ತಾನದವನ ಹಿಂದಿಯನ್ನು ಅರಬ್ಬಿಯವನು ತಿದ್ದುವ ದೃಶ್ಯಕ್ಕೆ ಹರೀಶ ಹಿಂದಿನ ಸೀಟಿನಲ್ಲಿ ಕುಳಿತು ಖುಷಿಪಟ್ಟ.

ಕಚೇರಿಯ ಅಧಿಕಾರಿ ಕಾಫಿ ತರಿಸಿದರು, ಖರ್ಜೂರ ತರಿಸಿದರು. ನಾನು ಊರಿನಲ್ಲಿ ಯಾವ ಸರಕಾರಿ ಕಚೇರಿಯಲ್ಲೂ ನೀರು ಕುಡಿದವನಲ್ಲ, ಆದ್ದರಿಂದ ಕೆಲಸ ಆದ ಹಾಗೇ ಎಂದುಕೊಂಡೆ.

“ಹಡಗಿನ ಹೆಸರು?”

“ಪತ್ರಿಕೆ ಬರೆದಿಲ್ಲ.”

“ದಿನಾಂಕ?”

“ಇತ್ತೀಚೆಗೆ ಎಂದಿದೆ.”

“ದೋಣಿ ಬಂದು ಸೇರಿದ ಊರು?”

“ಅರೇಬಿಯದ ತೀರ.”

ಅವರು ತುಣುಕನ್ನು ಎರಡು ಕೈಯಲ್ಲಿ ಹಿಡಿದು ನನಗೆ ಮರಳಿಸಿದರು. “ನಮ್ಮ ತೀರ ಸ್ವಲ್ಪ ಉದ್ದ ಇದೆ” ಎಂದರು. ಇಷ್ಟು ಸಭ್ಯವಾಗಿ ನನ್ನನ್ನು ಯಾರೂ ಮೂರ್ಖ ಎಂದು ಕರೆದಿರಲಿಲ್ಲ.

ಹೊರಗೆ ಬಂದು ಕಾರಿನಲ್ಲಿ ಕುಳಿತೆವು. ಹೆದ್ದಾರಿಯಲ್ಲಿ ವಾಹನಗಳು ಅಂಟಿಕೊಂಡು ನಿಂತಿದ್ದವು. ನನಗೆ ಯಾರ ಮೇಲಾದರೂ ಸಿಟ್ಟು ತೀರಿಸಿಕೊಳ್ಳಬೇಕಾಗಿತ್ತು, ಆ ಬರೆದ ವರದಿಗಾರನೇ ಸಿಕ್ಕಿದ. “ತಿಳಿದುಬಂದಿದೆ ಅಂತೆ! ಯಾರಿಗೆ ತಿಳಿಯಿತು? ಯಾರು ಬಂದು ತಿಳಿಸಿದ್ದು? ಬೆಕ್ಕು ಹೇಳಿತೇ?” ಎಂದು ಕನ್ನಡದಲ್ಲೇ ಕೂಗಾಡಿದೆ. ಸಯೀದ್ ಏನೆಂದು ಕೇಳಿದ. ಹರೀಶ ಕಥೆಯೆಲ್ಲ ಹಿಂದಿಯಲ್ಲಿ ಹೇಳಿದ. ಜರ್ಮನ್ ಸಬ್‌ಮೆರೀನ್, ಎರಡು ದೋಣಿ, ಒಂದರಲ್ಲಿ ಬರೇ ಖಲಾಸಿಗಳು.

ಸಯೀದ್ ಸ್ಟೇರಿಂಗ್ ಮೇಲೆ ಬೆರಳು ಬಡಿದ. “ನಮ್ಮ ಊರಿನಲ್ಲಿ ಒಂದು ಮಾತುಂಟು” ಎಂದ. “ಯಾರಾದರೂ ಬುದ್ಧಿ ಕೆಟ್ಟ ಕೆಲಸ ಮಾಡಿದರೆ, ದೋಣಿ ಸುಟ್ಟವರ ಹಾಗೆ ಮಾಡಬೇಡ ಅನ್ನುತ್ತೇವೆ. ದೊಡ್ಡ ಯುದ್ಧದಲ್ಲಿ ಯಾರೋ ಹಿಂದೂಸ್ತಾನದವರು ದೋಣಿಯಲ್ಲಿ ಬಂದರಂತೆ, ಬಂದ ದೋಣಿಯನ್ನೇ ಸುಟ್ಟರಂತೆ. ಯಾಕೆ ಅಂತ ನನಗೆ ಗೊತ್ತಿಲ್ಲ. ನನ್ನ ಅಜ್ಜಿ ಅದನ್ನು ನೋಡಿದವಳು. ಕೇಳಿದರೆ ಹೇಳುವುದಿಲ್ಲ, ಎದ್ದು ಒಳಗೆ ಹೋಗುತ್ತಾಳೆ.”

ಮರುದಿನ ವಾರದ ರಜೆ. ಅವನು ಹೇಗೂ ಊರಿಗೆ ಹೊರಟಿದ್ದ. “ಬನ್ನಿ ಭಾಯ್‌ಸಾಬ್, ಯಲ್ಲಾ” ಎಂದ.

ಇಬ್ರಾ

ದಾರಿಯಲ್ಲಿ ಇಬ್ರಾ ಸಿಗುತ್ತದೆ. ಬೆಟ್ಟಗಳು ಮೈಮೇಲೆ ಒಂದು ಹುಲ್ಲಿನ ಕಡ್ಡಿಯೂ ಇಲ್ಲದೆ ನಿಂತಿರುತ್ತವೆ. ನಮ್ಮ ಕರಾವಳಿಯಲ್ಲಿ ವಿದ್ಯುತ್ ಕಂಬಕ್ಕೂ ಪಾಚಿ ಹತ್ತುತ್ತದೆ, ಇಲ್ಲಿ ಬೆಟ್ಟಕ್ಕೂ ಆ ಭಾಗ್ಯವಿಲ್ಲ. ಸಯೀದ್ ಅಲ್ಲಿನ ಸಂತೆಯಲ್ಲಿ, ಅವರ ಮಾತಿನಲ್ಲಿ ಸೂಕಿನಲ್ಲಿ, ಅಜ್ಜಿಗೆ ಹಲ್ವ, ಒಂದು ಹೊಸ ಫ್ಲಾಸ್ಕು ಕೊಂಡ. ನಾನು ಬರಿಗೈಯಲ್ಲಿ ಹೋಗಬಾರದೆಂದು ಮಾವಿನ ಹಣ್ಣಿನ ಪೆಟ್ಟಿಗೆ ಕೊಂಡೆ. ಕಾರಿಗೆ ಬಂದು ನೋಡಿದರೆ ಭಾರತದ್ದೇ ಮಾವು. ಸಾವಿರಾರು ಮೈಲಿ ದಾಟಿ ಬಂದು ನಮ್ಮೂರಿನ ಹಣ್ಣನ್ನೇ ಉಡುಗೊರೆ ಕೊಡುವುದು ನನ್ನಂಥವರಿಗೆ ಮಾತ್ರ ಸಾಧ್ಯ.

ಊಟಕ್ಕೆ ಕುಳಿತಾಗ ಹರೀಶ ಕೇಳಿದ, “ಆ ಪೇಪರಿನವನ ಮೇಲೆ ನಿಮಗ್ಯಾಕೆ ಅಷ್ಟು ಸಿಟ್ಟು ಭಾವ? ನಿಮ್ಮದೂ ಅದೇ ಜಾತಿ ಅಲ್ವಾ?”

ಸಿಟ್ಟು ಅದಕ್ಕೇ ಎಂದು ಹೇಳಬೇಕಾಯಿತು. ಒಮ್ಮೆ ನದಿ ಕಡಲು ಸೇರುವ ಅಳಿವೆಬಾಗಿಲಲ್ಲಿ ಮೀನುಗಾರಿಕಾ ದೋಣಿಯೊಂದು ಮಗುಚಿದ ಸುದ್ದಿ ಬಂದಿತ್ತು. ಸ್ಥಳೀಯ ವರದಿಗಾರನ ಫೋನು ಸಿಗಲಿಲ್ಲ, ಪುಟ ಅಚ್ಚಿಗೆ ಹೋಗಬೇಕಿತ್ತು. ‘ಯಾವುದೇ ಪ್ರಾಣಾಪಾಯವಾಗಿಲ್ಲವೆಂದು ತಿಳಿದುಬಂದಿದೆ’ ಎಂದು ನಾನೇ ಸೇರಿಸಿದೆ. ಆ ವಾಕ್ಯ ಬರೆಯಲು ಕೈಗೆ ಅಭ್ಯಾಸವಾಗಿರುತ್ತದೆ, ತಲೆ ಬೇಕಾಗುವುದಿಲ್ಲ. ಮರುದಿನ ಮಧ್ಯಾಹ್ನ ಒಬ್ಬ ಹೆಂಗಸು ಪತ್ರಿಕೆ ಹಿಡಿದು ಕಚೇರಿಗೆ ಬಂದಳು. ಆಸ್ಪತ್ರೆಯವರು ಗಂಡನ ಶವ ತೋರಿಸುತ್ತಿದ್ದಾರೆ, ನಿಮ್ಮ ಪೇಪರಿನಲ್ಲಿ ಏನೂ ಆಗಿಲ್ಲ ಅಂತ ಉಂಟು, ಯಾರದ್ದು ಸರಿ ಎಂದು ಕೇಳಿದಳು. ಅವಳಿಗೆ ನಮ್ಮದು ಸರಿಯಾಗಬೇಕಿತ್ತು. ನಾವು ತಿದ್ದುಪಡಿ ಹಾಕಿದೆವು, ಐದನೇ ಪುಟದಲ್ಲಿ, ಹವಾಮಾನದ ಕೆಳಗೆ.

ಹರೀಶ ನನ್ನ ತಟ್ಟೆಗೆ ಇನ್ನೊಂದಿಷ್ಟು ಅನ್ನ ಹಾಕಿದ.

ಕಡಲ ಕರೆಯ ಊರು

ಊರಿನ ಹೆಸರು ಬರೆಯುವುದಿಲ್ಲ. ಆ ಮನೆಯವರು ಬೇಡವೆಂದಿದ್ದಾರೆ. ಯುದ್ಧಕಾಲದ ವರದಿಗಾರರಿಂದ ನಾನು ಕಲಿತ ಒಳ್ಳೆಯ ಗುಣ ಇದೊಂದೇ.

ಕಡಲು ನಮ್ಮದೇ ಕಡಲು, ಅದೇ ಅರಬ್ಬೀ ಸಮುದ್ರ. ನಾವು ಆಚೆ ದಡದಲ್ಲಿ ನಿಂತು ಪಡುವಣ ಎನ್ನುತ್ತೇವೆ, ಇವರಿಗೆ ಅದು ಮೂಡಣ. ಒಣಗಲು ಹಾಕಿದ ಮೀನಿನ ವಾಸನೆ ಮೂಗಿಗೆ ಬಡಿದಾಗ ಹರೀಶ ಕಣ್ಣು ಮುಚ್ಚಿ ‘ಆಹಾ’ ಎಂದ. ಆದರೆ ತೆಂಗಿಲ್ಲ, ಗಾಳಿಮರವಿಲ್ಲ, ಪೊದೆ ಕೂಡ ಇಲ್ಲ. ಬರೀ ಮರಳು, ಗಾಳಿ, ಸಿಮೆಂಟಿನ ಮನೆಗಳು, ಪ್ರತಿ ಮನೆಯೆದುರು ಒಂದು ದೊಡ್ಡ ಜೀಪು.

ಗಂಡಸರು ಕೂರುವ ಕೋಣೆಯಲ್ಲಿ ನಮ್ಮನ್ನು ನೆಲದ ಜಮಖಾನೆಯ ಮೇಲೆ ಕೂರಿಸಿದರು. ಸಯೀದನ ಚಿಕ್ಕಪ್ಪ ಬಂದು ಕೈ ಕುಲುಕಿ, ಸುದ್ದಿಯೇನು ಎಂದು ಅರಬ್ಬಿಯಲ್ಲಿ ಕೇಳಿದರು. ಸಯೀದ್ ಅನುವಾದಿಸಿದ ತಕ್ಷಣ ನಾನು ತುಣುಕು ತೆಗೆದು ಸಬ್‌ಮೆರೀನಿನಿಂದ ಶುರುಮಾಡಿದೆ. ಸಯೀದ್ ನನ್ನ ಮೊಣಕಾಲು ಒತ್ತಿ ಹಿಡಿದ.

“ಈಗಲ್ಲ. ಈಗ ‘ಸುದ್ದಿ ಏನೂ ಇಲ್ಲ, ಎಲ್ಲ ಕ್ಷೇಮ’ ಅನ್ನಬೇಕು.”

“ಸುದ್ದಿ ಇದೆಯಲ್ಲ ಮಾರಾಯ! ಅದಕ್ಕೇ ಬಂದದ್ದಲ್ವಾ?”

“ಇದ್ದರೂ ಮೊದಲು ಇಲ್ಲ ಅನ್ನಬೇಕು. ಮನೆಯಲ್ಲಿ ಸಾವಾಗಿದ್ದರೂ ಮೊದಲು ಕ್ಷೇಮ ಅಂತಲೇ. ಹಣ್ಣು ತಿಂದು, ಕಾಫಿ ಕುಡಿದು, ಮತ್ತೆ ನಿಜವಾದದ್ದು.”

ಹೀಗೆ ನಾನೂ ಹೇಳಿದೆ: ಸುದ್ದಿ ಏನೂ ಇಲ್ಲ, ಎಲ್ಲ ಕ್ಷೇಮ. ಚಿಕ್ಕಪ್ಪ ತಮ್ಮ ಸರದಿಯಲ್ಲಿ, ಇಲ್ಲಿಯೂ ಏನಿಲ್ಲ, ಎಲ್ಲ ಕ್ಷೇಮ ಎಂದರು. ಮೊದಲ ಆವೃತ್ತಿಯಲ್ಲಿ ‘ಎಲ್ಲರೂ ಕ್ಷೇಮ’ ಎಂದು ಹೊರಡಿಸುವ ಪದ್ಧತಿ ಪತ್ರಿಕೆಯವರದ್ದು ಮಾತ್ರ ಎಂದುಕೊಂಡಿದ್ದೆ. ಇವರಲ್ಲಿ ಎರಡನೇ ಆವೃತ್ತಿಯೂ ಕಡ್ಡಾಯವಾಗಿ ಬರುತ್ತದೆ, ಅಷ್ಟೇ ವ್ಯತ್ಯಾಸ. ಅದು ಬರುವ ತನಕ ಪುಟ್ಟ ಬಟ್ಟಲಿನಲ್ಲಿ ಏಲಕ್ಕಿ ಕಾಫಿ ಬರುತ್ತಲೇ ಇತ್ತು. ಸಾಕೆನ್ನಲು ಬಟ್ಟಲನ್ನು ಅಲ್ಲಾಡಿಸಬೇಕೆಂದು ನನಗೆ ಗೊತ್ತಾಗುವಷ್ಟರಲ್ಲಿ ಒಂಬತ್ತಾಗಿತ್ತು.

ಆಮೇಲೆ ನಿಜವಾದ ಸುದ್ದಿ ಹೇಳಲು ಅಪ್ಪಣೆ ಸಿಕ್ಕಿತು. ನಾನು ಹೇಳಿದೆ, ಸಯೀದ್ ಅರಬ್ಬಿಗೆ ತಿರುಗಿಸಿದ. ಚಿಕ್ಕಪ್ಪ ಒಳಗೆ ಹೋಗಿ ಬಹಳ ಹೊತ್ತು ಬರಲಿಲ್ಲ. ಒಳಗಿನಿಂದ ಮುದುಕಿಯೊಬ್ಬರ ಏರುಧ್ವನಿ ಕೇಳುತ್ತಿತ್ತು. ಬರುವುದಿಲ್ಲ ಎನ್ನುತ್ತಿದ್ದಾಳೆ ಎಂದ ಸಯೀದ್. ಕೊನೆಗೆ ಏನು ಕೇಳಿದರೋ, ಅವನನ್ನೇ ಒಳಗೆ ಕರೆದರು. ಅವನು ಬಂದು, “ಹುಡುಕಿ ಬಂದವನು ಸತ್ತವನಿಗೆ ಏನಾಗಬೇಕು ಅಂತ ಕೇಳುತ್ತಾಳೆ” ಎಂದ. ಸತ್ತವನು ಎಂಬ ಶಬ್ದ ನಾನು ಇನ್ನೂ ಬಳಸಿರಲಿಲ್ಲ.

“ಮಗಳ ಮಗ ಅಂತ ಹೇಳು” ಎಂದೆ.

ಸಯೀದನ ಅಜ್ಜಿ ಕೋಲೂರಿಕೊಂಡು ಬಂದರು. ತೊಂಬತ್ತರ ಹತ್ತಿರ. ಆ ಕಡೆಯ ಹಳೇ ಕಾಲದ ಹೆಂಗಸರು ಹಾಕುವ ಕಪ್ಪು ಮುಖವಾಡ, ಅದರ ಸಂದಿನಿಂದ ಎರಡು ಕಣ್ಣು. ಬಾಗಿಲ ಹತ್ತಿರವೇ ಕುಳಿತರು. ನನ್ನನ್ನು ನೋಡದೆ ಮೊಮ್ಮಗನಿಗೆ ಹೇಳಿದರು, ಅವನು ನಮಗೆ ಹೇಳಿದ. ಅವರು ನಿಲ್ಲಿಸಿದಲ್ಲಿ ಅವನೂ ನಿಲ್ಲಿಸುತ್ತಿದ್ದ.

ಬೆಳಿಗ್ಗೆ ದೋಣಿ ಬಂತು. ಅದರಲ್ಲಿ ಬಿಳಿಯರಾರೂ ಇರಲಿಲ್ಲ, ಎಲ್ಲ ಹಿಂದೂಸ್ತಾನದವರು. ತುಟಿ ಬಿರಿದು ಹೋಗಿತ್ತು, ನೀರು ಕುಡಿಯುವ ತನಕ ಮಾತು ಬರುತ್ತಿರಲಿಲ್ಲ. ಒಬ್ಬ ಸತ್ತಿದ್ದ. ದಡ ಕಂಡ ಮೇಲೆ ಸತ್ತನಂತೆ. ಅವನ ಸೊಂಟದಿಂದ ಕೆಳಗೆ ಬೆಂದು ಹೋಗಿತ್ತು, ಹಡಗಿನ ಒಲೆಮನೆಯಲ್ಲಿದ್ದವನು ಎಂದರು. ಊರಿನವರು ಅವನನ್ನು ಮೀಯಿಸಿ ಮಣ್ಣು ಮಾಡಲು ಹೊರಟರು. ಬಂದವರಲ್ಲಿ ಹಿರಿಯನೊಬ್ಬ ಊರಿನವರಂತೆಯೇ ನಮಾಜು ಮಾಡುವವನು, ಮುರುಕು ಅರಬ್ಬಿಯೂ ಬರುತ್ತಿತ್ತು. ಅವನು ಅಡ್ಡ ನಿಂತ. ಇವನು ನಮ್ಮವನಲ್ಲ, ಇವರಲ್ಲಿ ಸುಡಬೇಕು, ಸಾಯುವ ಮೊದಲು ನನ್ನ ಕೈ ಹಿಡಿದು ಕೇಳಿಕೊಂಡಿದ್ದಾನೆ, ಮಾತು ಕೊಟ್ಟಿದ್ದೇನೆ ಎಂದ. ಊರಿನಲ್ಲಿ ಗಲಾಟೆಯಾಯಿತು. ಮನುಷ್ಯನನ್ನು ಬೆಂಕಿಗೆ ಹಾಕುವುದೆಂದರೇನು? ಬೆಂಕಿ ಕೊಡುವವನು ದೇವರು, ಅದೂ ಪಾಪಿಗಳಿಗೆ. ಕೊನೆಗೆ ಊರಿನ ಹಿರಿಯರು, ಅವನ ಜನ ಹೇಗೋ ಹಾಗೆ ಮಾಡಲಿ, ಬಾವಿಯ ಹತ್ತಿರ ಬೇಡ ಎಂದರು.

ಸೌದೆ ಎಲ್ಲಿಂದ ತರುವುದು? ಆ ಕಡಲ ಕರೆಯಲ್ಲಿ ಒಂದು ಮರವಿರಲಿಲ್ಲ. ಅಡುಗೆಗೆ ಗರಿ, ಸಗಣಿ, ಅಲೆ ತಂದು ಎಸೆದ ತುಂಡು. ಆ ಹಿರಿಯ, ದೋಣಿಯನ್ನೇ ಒಡೆಯಿರಿ ಎಂದ. ಅಂಥ ದೋಣಿ, ಅಂಥ ಹಲಗೆ ಊರಿನವರು ಕಂಡವರಲ್ಲ. ಅಜ್ಜಿಯ ಅಪ್ಪನಿಗೆ ಅದರ ಮೇಲೆ ಕಣ್ಣಿತ್ತು. ಆದರೂ ಅವರೇ ಕೊಡಲಿ ಕೊಟ್ಟರು, ದೋಣಿಗೆ ಬಳಿಯಲು ಇಟ್ಟಿದ್ದ ಶಾರ್ಕ್ ಮೀನಿನ ಎಣ್ಣೆಯ ಕೊಡವನ್ನೂ ಕೊಟ್ಟರು. ನಮ್ಮಲ್ಲೂ ದೋಣಿಗೆ ಮೀನೆಣ್ಣೆ ಬಳಿಯುತ್ತಾರೆ ಎಂದು ಹರೀಶ ನನ್ನ ಕಿವಿಯಲ್ಲಿ ಹೇಳಿದ.

ಬೆಂಕಿ ಬೇಕಾಗಿತ್ತು. ಹೆಂಗಸರು ಹತ್ತಿರ ಬರಲಿಲ್ಲ, ಗಂಡಸರು ಕೊಡಲು ಹಿಂಜರಿದರು. ಅಜ್ಜಿಯ ಅಪ್ಪ ಮಗಳನ್ನು ಕರೆದು, ಒಲೆಯಿಂದ ಕೆಂಡ ತಾ ಎಂದರು.

“ನನಗೆ ಏಳೋ ಎಂಟೋ ವರ್ಷ” ಎಂದರು ಅಜ್ಜಿ. “ಮಡಕೆಯ ಚೂರಿನಲ್ಲಿ ತಂದೆ. ಆ ಹಿರಿಯ ಅದನ್ನು ನನ್ನ ಕೈಯಿಂದ ತೆಗೆದುಕೊಳ್ಳಲಿಲ್ಲ. ‘ಇವನಿಗೆ ಊರಿನಲ್ಲಿ ಮಗಳಿದ್ದಾಳೆ, ಬಹಳ ಚಿಕ್ಕವಳು, ನೀನೇ ಹಾಕಮ್ಮಾ’ ಅಂದ. ನಾನು ಹಾಕಿದೆ.”

ಮೂವತ್ತನಾಲ್ಕು ವರ್ಷ ಸಾವನ್ನು ಒಂದು ಕಾಲಮ್ಮಿನಲ್ಲಿ ಹಾಕುವುದೋ ಎರಡರಲ್ಲೋ ಎಂದು ಲೆಕ್ಕ ಹಾಕಿದವನು ಜಮಖಾನೆಯ ಅಂಚನ್ನು ಹಿಡಿದು ಅತ್ತುಬಿಟ್ಟೆ. ಆ ಹಡಗಿನಲ್ಲಿ ಸುಡಬೇಕಾದವನು ಒಬ್ಬನೇ ಇದ್ದ, ಅಡುಗೆಯವನು, ಊರಿನಲ್ಲಿ ಮೂರು ವರ್ಷದ ಮಗಳಿದ್ದವನು. ನನಗೆ ಬೇರೆ ಸಾಕ್ಷಿ ಬೇಕಾಗಿರಲಿಲ್ಲ.

ಅಜ್ಜಿ ಇನ್ನೂ ಮುಗಿಸಿರಲಿಲ್ಲ. ಆಮೇಲೆ ಊರಿನ ಹುಡುಗಿಯರು ಇವರ ಜೊತೆ ಆಡುವುದು ಬಿಟ್ಟರಂತೆ, ಮನುಷ್ಯನಿಗೆ ಬೆಂಕಿ ಇಟ್ಟವಳು ಎಂದು. ಮದುವೆಯಾಗಿ ಮೊದಲ ಎರಡು ಮಕ್ಕಳು ಉಳಿಯದಾಗ ಅತ್ತೆ ಅದನ್ನೇ ಎತ್ತಿ ಆಡಿದಳಂತೆ. ಈಗ ಅವರು ಮೊದಲ ಸಲ ನನ್ನ ಮುಖ ನೋಡಿದರು. ಸಯೀದ್ ತಡೆದು ತಡೆದು ಹೇಳಿದ.

“ಅವಳು ಕೇಳುತ್ತಾಳೆ. ಆ ಹಿರಿಯ ಹೇಳಿದ್ದು ನಿಜವಾ? ಅವನು ನಿಜವಾಗಿ ಸುಡಬೇಕಾದವನೇ ಹೌದಾ? ಆ ಜನ ಸುಳ್ಳು ಹೇಳಿದ್ದರೆ, ಅಥವಾ ತಪ್ಪು ತಿಳಿದಿದ್ದರೆ? ಇಷ್ಟು ವರ್ಷ ಅದೇ ಹೆದರಿಕೆ ಅಂತೆ. ನಾನು ಅವನಿಗೆ ಅನ್ಯಾಯ ಮಾಡಿದೆನಾ ಅಂತ.”

ಹೌದು, ಸುಡಬೇಕಾದವನೇ ಎಂದು ನಾನು ಹೇಳಬಹುದಿತ್ತು. ಆದರೆ ಆ ಉತ್ತರ ಕೊಡುವ ಹಕ್ಕು ನನ್ನದಲ್ಲ ಎನಿಸಿತು. ಊರಿಗೆ ಫೋನು ಹಚ್ಚಿದೆ. ದೊಡ್ಡಮ್ಮನೇ ಎತ್ತಿದರು.

“ಎಂತ ಆಯ್ತು? ಇದ್ದಾರಾ ಮಕ್ಕಳು?”

“ಇಲ್ಲ ದೊಡ್ಡಮ್ಮ. ಅವರು ಆಗಲೇ ತೀರಿಹೋದದ್ದು. ಹಡಗು ಮುಳುಗಿದ ವಾರದಲ್ಲೇ, ದೋಣಿಯಲ್ಲಿ.” ಉಳಿದದ್ದನ್ನೆಲ್ಲ ಹೇಳಿದೆ. ಅಡುಗೆಮನೆಯ ಸುಟ್ಟ ಗಾಯ, ದೋಣಿಯ ಹಲಗೆ, ಮೀನೆಣ್ಣೆ, ಹುಡುಗಿ ತಂದ ಕೆಂಡ. ಮುಗಿದ ಮೇಲೆ ಮೂಗು ಒರೆಸಿಕೊಳ್ಳುವ ಶಬ್ದ ಬಂತು.

“ಅಯ್ಯೋ ದೇವರೇ. ಬಾಯಿಗೆ ಬಂದ ಹಾಗೆ ಬೈದೆನಲ್ಲ ಮಗಾ ಅವರಿಗೆ. ನನ್ನ ಮದುವೆ ದಿನ ಕೂಡ ಬೈದೆ.”

ಅವರನ್ನು ಅಳಲು ಬಿಟ್ಟೆ. ಸ್ವಲ್ಪ ಹೊತ್ತಿನ ಮೇಲೆ ಎದುರಿಗೆ ಕುಳಿತ ಅಜ್ಜಿಯ ಪ್ರಶ್ನೆ ಹೇಳಿದೆ. ಫೋನನ್ನು ಎಲ್ಲರಿಗೂ ಕೇಳುವ ಹಾಗೆ ಜಮಖಾನೆಯ ನಡುವೆ ಇಟ್ಟೆ. ಅಜ್ಜಿ ಕೋಲು ಬದಿಗಿಟ್ಟು ಅದರ ಮೇಲೆ ಬಾಗಿದರು.

“ಅವರಿಗೆ ಹೇಳು” ಎಂದರು ದೊಡ್ಡಮ್ಮ. ಮಾತು ಗಟ್ಟಿಯಾಗಿತ್ತು. “ಅನ್ಯಾಯ ಎಂತದ್ದು? ಅದು ನಾನು ಮಾಡ್ಬೇಕಾದ ಕೆಲಸ. ನಾನು ಅಲ್ಲಿ ಇದ್ದಿದ್ರೂ ನನ್ನ ಕೈಲಿ ಆಗ ಕೆಂಡ ಹಿಡಿಲಿಕ್ಕೆ ಆಗ್ತಿರ್ಲಿಲ್ಲ, ಮೂರು ವರ್ಷ ನಂಗೆ. ಅವರು ದೊಡ್ಡವರು, ಅವರು ಹಿಡಿದ್ರು. ಮನೆಗೆ ಹಿರಿಯ ಮಗಳು ಮಾಡುದು ಅದನ್ನೇ ಅಲ್ವಾ? ನಾನೇ ಹಿರಿಯವಳು ಅಂತ ಇಷ್ಟು ದಿನ ಸುಮ್ನೆ ಅಂದ್ಕೊಂಡಿದ್ದೆ. ಅಕ್ಕ ಅಲ್ಲಿದ್ದಾರೆ ಅಂತ ನಂಗೆ ಯಾರೂ ಹೇಳ್ಲಿಲ್ಲ.”

ನಾನು ನನ್ನ ಮುರುಕು ಹಿಂದಿಯಲ್ಲಿ ಹೇಳಿದೆ, ಸಯೀದ್ ಏನನ್ನೂ ತಿದ್ದದೆ ಅರಬ್ಬಿಯಲ್ಲಿ ಹೇಳಿದ. ಅಜ್ಜಿ ಫೋನನ್ನೇ ನೋಡುತ್ತಿದ್ದರು. ಆಮೇಲೆ ಮುಖವಾಡದ ಕೆಳಗೆ ಕೈ ತೂರಿಸಿ ಕಣ್ಣು ಒರೆಸಿಕೊಂಡು, ಕೊನೆಯದ್ದನ್ನು ಇನ್ನೊಂದು ಸಲ ಹೇಳಿಸು ಎಂದರು.

ದೊಡ್ಡಮ್ಮ ಇನ್ನೊಂದು ಸಲ ಹೇಳಿದರು.